ಬನ್ನಿ ಮುಡಿದ ಮೇಲೆ ಮೊದಲ ಕೈ

ನರಗುಂದದ ಗುಡ್ಡದ ಕೆಳಗೆ, ಮಾರುಕಟ್ಟೆಯ ಗೇಟು ದಾಟಿ ಸ್ವಲ್ಪ ಮುಂದೆ ಹೋದರೆ ಹೊಳೆದಂಡೆ ಪಂಪ್ ಬಳಕೆದಾರರ ಸಂಘದ ಕಟ್ಟಡ. ಕೆಳಗೆ ಬೀಜ, ಗೊಬ್ಬರದ ಮಳಿಗೆ. ಮೇಲೆ ಎರಡು ಕೋಣೆ. ಒಂದರಲ್ಲಿ ಅಧ್ಯಕ್ಷ ಪ್ರಭುಲಿಂಗಪ್ಪನವರ ಕುರ್ಚಿ ಮತ್ತು ಅವರ ಅಜ್ಜನ ಕಾಲದ ತಿಜೋರಿ. ಇನ್ನೊಂದರಲ್ಲಿ ಅನ್ನಪೂರ್ಣಾ ಮತ್ತು ಅವಳು ನೋಡಿಕೊಳ್ಳುವ ಸರ್ವರ್.

ಅನ್ನಪೂರ್ಣಾಳ ಮೂಲ ಅಂಕಪಟ್ಟಿಗಳೆಲ್ಲ ಆ ತಿಜೋರಿಯಲ್ಲಿದ್ದವು. ಕೆಲಸಕ್ಕೆ ಸೇರಿದ ದಿನ ಪ್ರಭುಲಿಂಗಪ್ಪನವರು ಅವನ್ನು ತಿರುವಿ ನೋಡಿ, "ಬಾಡಿಗಿ ಮನ್ಯಾಗ ಇಲಿ ಭಾಳವಾ. ಇಲ್ಲೇ ಇರ್ಲಿ, ಜ್ವಾಕ್ಯಾಗಿರ್ತಾವು" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅವಳ ಬಾಡಿಗೆ ಕೋಣೆಯಲ್ಲಿ ಇಲಿಗಳಿದ್ದವು. ಹಾಗಾಗಿ ಕೊಟ್ಟಳು. ಬಿ.ಎಸ್ಸಿ., ಅದರ ಮೇಲೆ ಬಿ.ಎಡ್. ಮುಗಿಸಿ ಎಲ್ಲಾದರೂ ಶಾಲೆಯಲ್ಲಿ ಕೆಲಸ ಸಿಗುವವರೆಗೆ ಎಂದು ಬಂದವಳು ಅವಳು. ಒಂದು ಮಳೆಗಾಲದ ಮಟ್ಟಿಗೆ ಎಂದೇ ಇಬ್ಬರೂ ಮಾತಾಡಿಕೊಂಡಿದ್ದರು.

ಮಲಪ್ರಭೆಯ ದಂಡೆಯ ರೈತರು ತಮ್ಮ ಪಂಪ್‌ಸೆಟ್ಟುಗಳನ್ನು ನೀರಿನ ಅಂಚಿನಲ್ಲೇ ಇಟ್ಟಿರುತ್ತಾರೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಟ್ರ್ಯಾಕ್ಟರಿಗೆ ಕಟ್ಟಿ ಮೇಲಕ್ಕೆ ಎಳೆಯಬೇಕು. ಇಳಿದ ಮೇಲೆ ಮತ್ತೆ ಕೆಳಗೆ ಇಳಿಸಬೇಕು. ಇಳಿಸುವುದು ತಡವಾದರೆ ಬೆಳೆ ಬಾಡುತ್ತದೆ. ಅವಸರವಾದರೆ ಪಂಪು ಹೋಗುತ್ತದೆ, ಕೆಲವು ಸಲ ಇಳಿಸಲು ಹೋದವನೂ ಹೋಗುತ್ತಾನೆ. ಆದ್ದರಿಂದ ಕೊಣ್ಣೂರಿನಿಂದ ಮೆಣಸಗಿಯವರೆಗಿನ ಸದಸ್ಯರ ಫೋನಿಗೆ ಸರಿಯಾದ ಹೊತ್ತಿಗೆ ಸರಿಯಾದ ಸೂಚನೆ ಮುಟ್ಟಿಸುವುದು ಸಂಘದ ಮುಖ್ಯ ಕೆಲಸ.

ಮೊದಲ ವರ್ಷ ಎಲ್ಲವೂ ನರಗುಂದದ ಒಂದೇ ಯಂತ್ರದಲ್ಲಿತ್ತು. ಸೂಚನೆ ಬರೆದುಕೊಂಡು, ಅದು ಯಾರಿಗೆ ಹೋಗಬೇಕೆಂದು ಲೆಕ್ಕ ಹಾಕುವ ಅಪ್ಲಿಕೇಶನ್ ಸರ್ವರ್, ಅದನ್ನು ಒಯ್ದು ಮುಟ್ಟಿಸುವ ಮೆಸೇಜ್ ಸರ್ವರ್, ಎರಡೂ ಒಂದೇ ಡಬ್ಬಿಯಲ್ಲಿ. ಒಂದು ಸಂಜೆ ಸಿಡಿಲು ಬಡಿದು ಎರಡೂ ಒಟ್ಟಿಗೆ ಸತ್ತವು. ಬರೆದ ಸೂಚನೆ ಹೋಗಲಿಲ್ಲ ಎಂದು ತಿಳಿಸಲು ಕೂಡ ಏನೂ ಉಳಿದಿರಲಿಲ್ಲ. ಅದಾದ ಮೇಲೆ ಅನ್ನಪೂರ್ಣಾ ಅವನ್ನು ಬೇರೆ ಮಾಡಿದಳು. ಅಪ್ಲಿಕೇಶನ್ ಸರ್ವರ್ ರೋಣದ ಕಚೇರಿಗೆ ಹೋಯಿತು. ಅಲ್ಲಿ ಉಸ್ಮಾನಸಾಬ ಎಂಬ ಹಿರಿಯ ಗುಮಾಸ್ತರು ಹೊಳೆಯ ಸುದ್ದಿಯನ್ನು ಫೋನಿನಲ್ಲಿ ಕೇಳಿ ಬರೆಯುತ್ತಾರೆ. ಮೆಸೇಜ್ ಸರ್ವರ್ ನರಗುಂದದಲ್ಲೇ ಉಳಿಯಿತು. ಅದಕ್ಕೆ ಜೋಡಿಯಾಗಿ ಇನ್ನೊಂದನ್ನು ಗಜೇಂದ್ರಗಡದ ಸಂಘದ ಅಂಗಡಿಯ ಅಟ್ಟದ ಮೇಲೆ ಇಟ್ಟಳು. ಗಜೇಂದ್ರಗಡ ಎತ್ತರದ ಊರು, ಹೊಳೆ ಅಲ್ಲಿಗೆ ಬರುವುದಿಲ್ಲ, ವಿದ್ಯುತ್ತಿನ ಮಾರ್ಗವೂ ಬೇರೆ. ನರಗುಂದದ್ದು ಉಸಿರೆತ್ತದಿದ್ದರೆ ಗಜೇಂದ್ರಗಡದ್ದು ತಾನಾಗಿ ಕೆಲಸ ಎತ್ತಿಕೊಳ್ಳಬೇಕು.

ನಿಯಮಗಳನ್ನೂ ಅವಳೇ ಗೊತ್ತುಮಾಡಿದಳು. ಮೆಸೇಜ್ ಸರ್ವರ್ ಸಂದೇಶವನ್ನು ಮೊದಲು ತನ್ನ ಡಿಸ್ಕಿನ ಮೇಲೆ ಬರೆದಿಟ್ಟುಕೊಂಡು, ಆಮೇಲೆ "ಮುಟ್ಟಿತು" ಎನ್ನಬೇಕು. ಹಾಗೆನ್ನುವವರೆಗೆ ರೋಣದ ಯಂತ್ರ ತನ್ನ ಪ್ರತಿಯನ್ನು ಅಳಿಸಬಾರದು. ರೈತನ ಫೋನು "ಬಂತು" ಎನ್ನುವವರೆಗೆ ಮೆಸೇಜ್ ಸರ್ವರೂ ಅಳಿಸಬಾರದು. ಎರಡೂ ಮೆಸೇಜ್ ಸರ್ವರುಗಳು ಸಿಗದಿದ್ದರೆ ರೋಣದ್ದು ಸಂದೇಶಗಳನ್ನು ಕಟ್ಟಿಟ್ಟುಕೊಂಡು ಕಾಯಬೇಕು, ಎಷ್ಟು ದಿನವಾದರೂ ಸರಿ. ಇನ್ನೊಂದು ನಿಯಮ: ಅಪಾಯದ ಸಂದೇಶ ಕೆಂಪು, ಉಳಿದದ್ದೆಲ್ಲ ಬಿಳಿ. ಕೆಂಪು ಬಂದರೆ ಬಿಳಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಒಮ್ಮೆ ವಾರ್ಷಿಕ ಸಭೆಯ ಆಮಂತ್ರಣದ ಹಿಂದೆ ಸಿಕ್ಕಿ ಪ್ರವಾಹದ ಸೂಚನೆ ತಡವಾಗಿತ್ತು, ಅದಕ್ಕಾಗಿ. ಇದಲ್ಲದೆ ಪ್ರತಿ ಮುಂಜಾನೆ ಮೆಸೇಜ್ ಸರ್ವರ್ ತಾನಾಗಿ ಎಲ್ಲರಿಗೂ ಒಂದು ನಮಸ್ಕಾರ ಕಳಿಸುತ್ತಿತ್ತು. ಅದು ಬಂದರೆ ಯಂತ್ರ ಎದ್ದಿದೆ ಎಂದರ್ಥ. ಹೊಳೆಸಾಲಿನ ಮುದುಕರು ಆ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಬರೆಯುತ್ತಿದ್ದರು.

ಸಂದೇಶಗಳು ಕಳೆಯುವುದು ನಿಂತಿತು. ಅನ್ನಪೂರ್ಣಾ ಸಿಕ್ಕಿಕೊಂಡಳು.

ಫ್ಯಾನಿನ ಸದ್ದು ಬದಲಾದರೆ ಅವಳಿಗೆ ಫೋನು. ರೋಣದ ಪರದೆಯಲ್ಲಿ ಹಳದಿ ದೀಪ ಬಂದರೆ ಅವಳಿಗೆ ಫೋನು. ಗಜೇಂದ್ರಗಡದ ಅಂಗಡಿಯ ಅಮರೇಶ ಅಟ್ಟದಲ್ಲಿ ಜೇಡರ ಬಲೆ ಕಟ್ಟಿದೆ, ತೆಗೆಯಲೇ ಎಂದು ಕೇಳಲೂ ಅವಳಿಗೇ ಫೋನು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಕ್ಷತೆ ಬೀಳುವಾಗ ಅವಳು ಪೆಂಡಾಲಿನ ಹಿಂದೆ, ನೀರಿನ ಟ್ಯಾಂಕಿನ ನೆರಳಲ್ಲಿ, ಭುಜ ಮತ್ತು ಕಿವಿಯ ನಡುವೆ ಫೋನು ಸಿಕ್ಕಿಸಿಕೊಂಡು ನಿಂತಿದ್ದಳು. ಸಿಗ್ನಲ್ ಇಲ್ಲದ ಊರಿಗೆ ಅವಳು ಹೋಗುತ್ತಲೇ ಇರಲಿಲ್ಲ. ಪ್ರತಿ ಕೆಲಸಕ್ಕೂ ಎರಡು ಯಂತ್ರ ಇಟ್ಟವಳಿಗೆ ತಾನು ಮಾತ್ರ ಒಬ್ಬಳೇ ಎಂಬುದು ಗೊತ್ತಿತ್ತು.

ಕೆಳಗಿನ ಮಳಿಗೆಯಲ್ಲಿ ಭೀಮೇಶ ಎಂಬ ಡಿಪ್ಲೊಮಾ ಮಾಡಿದ ಹುಡುಗನಿದ್ದ. ಹುಡುಗನೆಂದರೆ ಮದುವೆಯಾಗಿ ಮಗುವಿದ್ದವನೇ. ಕಲಿಸಿದರೆ ಲಗೂ ಹಿಡಿಯುತ್ತಿದ್ದ. ಆದರೆ ಕೀಬೋರ್ಡಿಗೆ ಕೈ ಹಚ್ಚು ಎಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ.

"ನೋಡತೀನ್ರಿ ಅಕ್ಕಾರ, ಮುಟ್ಟೂದಿಲ್ಲ. ಮುಟ್ಟಿದ್ರ ನಂದ ಅಕ್ಕೈತಿ. ನಮ್ಮನ್ಯಾಗ ಒಂದ್ ಎಮ್ಮಿ ಐತ್ರಿ. ಒಮ್ಮೆ ಅವ್ವಗ ಆರಾಮಿರಲಿಲ್ಲ ಅಂತ ನಾ ಹಿಂಡಿದೆ. ಅವತ್ತಿನಿಂದ ಅದು ಬ್ಯಾರೆ ಕೈಗೆ ಹಾಲು ಕೊಡವಲ್ದು. ಮೂರು ಸಂಜಿ ಆತಂದ್ರ ನಾ ಊರಾಗಿರಬೇಕು. ಇಂಥಾವು ಎರಡು ಕಟಗೊಂಡು ಎಲ್ಲಿ ಹೋಗ್ಲಿ?"

ಅನ್ನಪೂರ್ಣಾ ನಕ್ಕಿದ್ದಳು. ಅವನು ನಗಲಿಲ್ಲ.

ಕೆಲಸ ಬಿಡುತ್ತೇನೆ ಎಂದು ಅವಳು ಹೇಳಿದಾಗಲೆಲ್ಲ ಪ್ರಭುಲಿಂಗಪ್ಪನವರು ಇಲ್ಲ ಎಂದಿರಲಿಲ್ಲ. ಇಲ್ಲ ಎಂದಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಅವರು ಚಹಾ ತರಿಸುತ್ತಿದ್ದರು. "ಮುಂಗಾರಿ ಒಂದು ಮುಗೀಲಿ" ಎನ್ನುತ್ತಿದ್ದರು. ಮುಂಗಾರಿನ ಬೆನ್ನಿಗೆ ಹಿಂಗಾರು, ಅದರ ಬೆನ್ನಿಗೆ ಕಾಲುವೆಯ ನೀರಿನ ಪಾಳಿ, ಪಾಳಿ ಮುಗಿಯುವಷ್ಟರಲ್ಲಿ ಮತ್ತೆ ಮೋಡ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ಮನೆಯಿಂದ ಅವಳಿಗೆಂದೇ ಶೇಂಗಾ ಹೋಳಿಗೆ ಕಟ್ಟಿಸಿ ತರುತ್ತಿದ್ದರು. ಸಭೆಯಲ್ಲಿ ಎಲ್ಲರೆದುರು, "ಈಕಿ ಇಲ್ಲಂದ್ರ ಸಂಘ ಇಲ್ಲ" ಎನ್ನುತ್ತಿದ್ದರು. ಚಪ್ಪಾಳೆ ಬೀಳುವಾಗ ಅವಳಿಗೆ ಕೋಣೆಯ ಬಾಗಿಲು ಹಾಕಿದಂತೆ ಕೇಳುತ್ತಿತ್ತು.

ಈ ಸಲ ಮಾತ್ರ ದಿನ ಗೊತ್ತಾಗಿತ್ತು. ಗಜೇಂದ್ರಗಡದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಅವಳಿಗೆ ಬಂದಿತ್ತು. ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನ ಮೂಲ ಅಂಕಪಟ್ಟಿಗಳೊಂದಿಗೆ ಹಾಜರಾಗಬೇಕು. ಆಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಇನ್ನೊಂದು ಸಲ ಕರೆಯುವುದಿಲ್ಲ.

"ಚಲೋ ಆತವಾ" ಎಂದರು ಪ್ರಭುಲಿಂಗಪ್ಪನವರು. ಚಹಾ ಬಂತು. "ಹೋಗಬ್ಯಾಡ ಅಂದೀನೇನು ನಾ?"

"ಅಂದಿಲ್ರಿ. ಆದ್ರ ಕಾಗದ ತಿಜೋರ್ಯಾಗ ಅದಾವ್ರಿ."

"ಕಾಗದ ಎಲ್ಲಿ ಓಡಿ ಹೋಗ್ತಾವು? ಒಂದ್ ಮಾತು ಹೇಳ್ತೀನಿ ಕೇಳು. ನೀ ಇಲ್ದನ ನಡೀತೈತಿ ಅಂತ ನೀನ ಅಂತಿ. ನೋಡೇ ಬಿಡೂಣು. ಅಷ್ಟಮಿಗೆ ನಿಮ್ಮೂರಿಗೆ ಹೋಗು. ಬನ್ನಿ ಮುಡಿಯೂತನಕ ಅಲ್ಲೇ ಇರು. ತಿರುಗಿ ಬರೂತನಕ ನೀ ಇಲ್ಲಿಗೆ ಫೋನ್ ಹಚ್ಚಬಾರ್ದು, ಹ್ಯಾಂಗ ನಡದೈತಿ ಅಂತ ಕೇಳಬಾರ್ದು. ಅಷ್ಟು ನಡೀತಂದ್ರ ನಾನ ನಿನ್ನ ಕೈಯಾಗ ಕಾಗದ ಕೊಟ್ಟು ಬಸ್ ಹತ್ತಸ್ತೀನಿ."

"ನಡೀಲಿಲ್ಲಂದ್ರರಿ?"

"ನಡೀಲಿಲ್ಲಂದ್ರ ಹಿಂಗಾರಿ ಮುಗೀತನಕ ಇರು. ನಿನ್ನ ಬಿಟ್ಟು ನಮಗ ಯಾರದಾರ?"

ಅವಳು ಒಪ್ಪಿದಳು. ಯಂತ್ರಗಳ ಮೇಲೆ ಅವಳಿಗೆ ನಂಬಿಕೆಯಿತ್ತು.

ಅವಳ ಊರು ಮೆಣಸಗಿ. ಹೊಳೆ ಒಂದು ಕಡೆ, ಹಳ್ಳ ಇನ್ನೊಂದು ಕಡೆ. ಎರಡೂ ತುಂಬಿದರೆ ಊರಿಗೆ ಹೋಗುವ ಬರುವ ದಾರಿ ಮುಚ್ಚುತ್ತದೆ. ಅಷ್ಟಮಿಯ ದಿನ ಅವಳು ಬಸ್ಸಿಳಿದು ಮನೆಯಲ್ಲಿ ಬ್ಯಾಗು ಇಡುವಷ್ಟರಲ್ಲಿ ಅಪ್ಪ ಕನಕಪ್ಪನ ಫೋನು ಸದ್ದು ಮಾಡಿತು. ಕೆಂಪು ಸಂದೇಶ: ಅಣೆಕಟ್ಟಿನಿಂದ ನೀರು ಬಿಟ್ಟಿದೆ, ಪಂಪು ಮೇಲೆತ್ತಿ. ಮಗ್ಗುಲ ಮನೆಯಲ್ಲಿ, ಎದುರು ಮನೆಯಲ್ಲಿ ಅದೇ ಸದ್ದು. ಟ್ರ್ಯಾಕ್ಟರುಗಳು ಹೊರಟವು. ಇಷ್ಟು ವರ್ಷ ಕಳಿಸುವ ಕಡೆಯೇ ಕೂತವಳು, ಬಂದು ಮುಟ್ಟುವುದನ್ನು ಮೊದಲ ಸಲ ಕಂಡಳು. ಸಂಜೆಯೊಳಗೆ ನೀರು ಏರಿತು. ಬಸ್ಸು ನಿಂತಿತು. ಇನ್ನು ಹೊರಗೆ ಹೋಗಬೇಕೆಂದರೂ ಹೋಗುವಂತಿರಲಿಲ್ಲ.

ಮರುದಿನ ಮಹಾನವಮಿ, ಆಯುಧಗಳಿಗೆ ಖಂಡೇ ಪೂಜೆ. ಕನಕಪ್ಪ ನೇಗಿಲು, ಕುಡಗೋಲು, ಟ್ರ್ಯಾಕ್ಟರು, ಅಂಗಳಕ್ಕೆ ಎಳೆದು ತಂದಿದ್ದ ಪಂಪು ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ. ಈ ಸೀಮೆಯಲ್ಲಿ ಪೂಜೆಗೆ ಇಟ್ಟ ಆಯುಧವನ್ನು ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವುದಿಲ್ಲ. ದಶಮಿಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ಮುಗಿಸಿದ ಮೇಲೆ, ಯಾರು ಅದನ್ನು ಮೊದಲು ಎತ್ತುತ್ತಾರೋ ಆ ವರ್ಷ ಅದರ ಕೆಲಸ ಅವರದು. ಹಾಗೆಂದು ಕನಕಪ್ಪನ ಅಪ್ಪ ಬದುಕಿರುವವರೆಗೆ ಮಗನಿಗೆ ನೇಗಿಲು ಎತ್ತಲು ಬಿಟ್ಟಿರಲಿಲ್ಲ.

ಆ ಮುಂಜಾನೆ ನಮಸ್ಕಾರ ಬರಲಿಲ್ಲ.

ಅನ್ನಪೂರ್ಣಾ ಅಪ್ಪನ ಫೋನು ಎತ್ತಿ ನೋಡಿದಳು. ಟವರ್ ಇತ್ತು. ಊರಿನ ಯಮನೂರಪ್ಪ ಕಳಿಸಿದ ದೇವಿಯ ಚಿತ್ರ ಆಗಷ್ಟೇ ಬಂದಿತ್ತು. ಹಾಗಾದರೆ ಮೆಸೇಜ್ ಸರ್ವರ್. ಆದರೆ ಅವು ಎರಡು, ಬೇರೆ ಊರು, ಬೇರೆ ಕರೆಂಟು, ಬೇರೆ ಕೇಬಲ್ಲು. ಎರಡೂ ಒಮ್ಮೆಲೇ ನಿಲ್ಲುವ ಯಾವ ಕಾರಣವೂ ಅವಳಿಗೆ ಹೊಳೆಯಲಿಲ್ಲ. ಒಂದು ಫೋನು ಮಾಡಿದರೆ ತಿಳಿಯುತ್ತದೆ. ಮಾಡಿದರೆ ಶರತ್ತು ಮುರಿಯುತ್ತದೆ, ಶಾಲೆ ಹೋಗುತ್ತದೆ. ತನ್ನ ಫೋನನ್ನು ಬೋರಲು ಹಾಕಿ ಇಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದಳು.

"ಬಾಯಾಗ ಹೋಳಿಗಿ, ಕಣ್ಣು ಫೋನಿನ್ಯಾಗ" ಎಂದಳು ಅವ್ವ ಸುಶೀಲವ್ವ. "ಅದಕ್ಕೂ ಒಂದ್ ತುತ್ತು ಹಾಕು, ಅದೂ ಉಪಾಸ ಐತಿ."

"ನಮಸ್ಕಾರ ಬಂದಿಲ್ಲವಾ."

"ಹಬ್ಬೈತಿ. ಅದೂ ಎಣ್ಣಿ ನೀರು ಹಾಕ್ಕೊಂಡು ಮಲಗಿರ್ಬೇಕು ಬಿಡು."

ಅಂಗಳಕ್ಕೆ ಬಂದರೆ ಪಂಪು, ಬೀದಿಯ ಕೊನೆಗೆ ಹೋದರೆ ನೀರು. ಅವಳು ಆ ಎರಡರ ನಡುವೆ ದಿನವಿಡೀ ತಿರುಗಿದಳು. ಆಕಾಶ ತಿಳಿಯಾಗಿದೆ, ನೀರು ಇಳಿಯುತ್ತಲಿದೆ, ಹೊಸ ಸೂಚನೆ ಇರಲಾರದು, ಇದ್ದರೂ ರೋಣದಲ್ಲಿ ಭದ್ರವಾಗಿರುತ್ತದೆ, ಕಳೆಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಂದೊಂದು ಮಾತೂ ನಿಜವೇ. ದಶಮಿಯ ಮುಂಜಾನೆಯೂ ನಮಸ್ಕಾರ ಬರಲಿಲ್ಲ. ಆ ದಿನವೂ ಅವಳು ಸುಮ್ಮನೆ ಕೂತಳು.

ಸಂಜೆ ಬನ್ನಿ ಮುಡಿದು ಜನ ಮನೆಮನೆಗೆ ತಿರುಗುತ್ತಿರುವಾಗ ಅವಳ ಫೋನು ಬಡಿಯಿತು. ಭೀಮೇಶ.

"ಅಕ್ಕಾರ, ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ. ಅಧ್ಯಕ್ಷರ ಮುಂದನ ಹಚ್ಚೀನ್ರಿ, ಅವರಿಗೂ ಕೇಳ್ತೈತಿ. ನೀವು ಬರೂದು ಯಾವಾಗ್ರಿ? ಮಷೀನಿಗೆ ಕೈ ಹಚ್ಚಬೇಕಲ್ರಿ ನೀವು."

"ಯಾವ ಮಷೀನಿಗೆ?"

"ಸರ್ವರಿಗೆ. ನಿನ್ನೆ ಬಂದ್ ಮಾಡಿ ಪೂಜಿ ಮಾಡೇವಲ್ರಿ. ಭಾಳ ಚಲೋ ಆಗೈತ್ರಿ, ಫೋಟೋ ಕಳಸ್ತೀನಿ. ಕುಂಬಳಕಾಯಿ ಅಧ್ಯಕ್ಷರ ಒಡದಾರ."

ಅನ್ನಪೂರ್ಣಾ ಕಟ್ಟೆಯ ಮೇಲೆ ಕೂತಳು. "ಗಜೇಂದ್ರಗಡದ್ದು ಚಾಲೂ ಐತೆಲ್ಲ?"

"ಅದೆಂಗ್ರಿ? ಅವು ಜೋಡಿ ಅಂತ ನೀವ ಹೇಳೀರಲ್ಲ. ಒಂದಕ್ಕ ಆರತಿ ಮಾಡಿ ಇನ್ನೊಂದನ್ನ ಹಂಗ ಬಿಡಾಕ ಬರ್ತೈತೇನ್ರಿ? ಅಮರೇಶಗ ಫೋನ್ ಮಾಡಿ ಅಲ್ಲೂ ಅದ ಮುಹೂರ್ತಕ್ಕ ಮಾಡಸೇವಿ. ರೋಣದ್ದೊಂದು ಉಸ್ಮಾನ ಕಾಕಾ ಬಂದ್ ಮಾಡಿಲ್ರಿ. ಹಬ್ಬದ ಪಾಳಿ ಅವರದ. ನಾ ಕುಂದರ್ತೀನಿ ಅಂತ ಅವರ ಅಂದ್ರು."

ಸಿಡಿಲು, ಕರೆಂಟು, ಕೇಬಲ್ಲು ಕಡಿಯುವ ಜೆಸಿಬಿ, ಇಲಿ, ಹೊಳೆ ಎಲ್ಲವನ್ನೂ ಅವಳು ಬರೆದು ಲೆಕ್ಕ ಹಾಕಿದ್ದಳು. ತಾನು ಹುಟ್ಟಿದಾಗಿನಿಂದ ಪ್ರತಿ ವರ್ಷ ಬರುವ ಹಬ್ಬವನ್ನು ಬರೆದಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಈ ದಿನ ಅವಳೇ ಅಲ್ಲಿರುತ್ತಿದ್ದಳು. ಓಡುತ್ತಿರುವ ಯಂತ್ರಕ್ಕೇ ಕುಂಕುಮ ಹಚ್ಚಿಸಿ ಎಲ್ಲರನ್ನೂ ಸಾಗಹಾಕುತ್ತಿದ್ದಳು.

"ಉಸ್ಮಾನ ಕಾಕಾ ಏನರ ಅಂದಾರೇನು?"

"ಎರಡ್ ಸರ್ತಿ ಫೋನ್ ಮಾಡಿದ್ರು. ಅವರ ಕಡೆ ಏನೋ ಕಾಯಾಕತ್ತೈತಂತ. ಮೆಸೇಜ ಎಲ್ಲೂ ಹೋಗೂದಿಲ್ಲಲ್ರಿ, ಜ್ವಾಕ್ಯಾಗಿರ್ತೈತೆಲ್ಲ?"

"ಕೆಂಪೋ ಬಿಳಿನೋ?"

"ಕೇಳಿಲ್ರಿ."

"ಈಗಿಂದೀಗ ಚಾಲೂ ಮಾಡು. ಎರಡೂ."

ಭೀಮೇಶನ ದನಿ ಸಣ್ಣದಾಯಿತು. "ನನ್ನ ಕೈಲೇನ್ರಿ? ಬನ್ನಿ ಈಗರ ಮುಗದೈತ್ರಿ. ಮೊದಲ ಕೈ ಹಚ್ಚಿದ್ರ ವರ್ಷದ ಕೆಲಸ ನಂದ ಅಕ್ಕೈತಿ. ನೀವ ಬರ್ರಿ."

ಪ್ರಭುಲಿಂಗಪ್ಪನವರು ಫೋನು ಇಸಿದುಕೊಂಡರು. "ಹೌದವಾ, ನಿನ್ನ ಆಯುಧ ನೀನ ಎತ್ತಬೇಕು. ನಮ್ಮ ಅಂಗಡ್ಯಾಗ ತಕ್ಕಡಿ ಸೈತ ಹಂಗ ನಡಕೊಂಡ ಬಂದೈತಿ. ಒಂದ್ ರಾತ್ರಿ ತಡ ಆದ್ರ ಏನೂ ಆಗೂದಿಲ್ಲ. ಮುಂಜಾನೆ ಬಾ."

"ಎಲ್ಲಿಂದ ಬರ್ಲಿರಿ? ಸುತ್ತೂಕಡೆ ನೀರೈತಿ. ನಾ ಬರೂತನಕ ಕಾದ್ರ ಯಾರದೋ ಮನಿ ಹಾಳಾಕ್ಕೈತಿ. ಕಾಕಾ ಹಬ್ಬದ ದಿನ ಸುಮ್ಸುಮ್ನ ಎರಡ್ ಸರ್ತಿ ಫೋನ್ ಮಾಡೂ ಮನಷ್ಯಾ ಅಲ್ರಿ. ಭೀಮೇಶಗ ಹೇಳ್ರಿ, ನಿಮ್ಮ ಕೈ ಮುಗೀತೀನಿ."

ಅಧ್ಯಕ್ಷರೂ ಹೊಳೆದಂಡೆಯಲ್ಲೇ ಬೆಳೆದವರು. "ಭೀಮ್ಯಾ, ಹಚ್ಚಪಾ" ಎಂದರು ಕೊನೆಗೆ. "ದೇವಿ ನೆನಸಿ ಹಚ್ಚು."

ಯಂತ್ರ ಎದ್ದಿತು. ಮೊದಲು ಅಪ್ಪನ ಫೋನು ಎರಡು ಸಲ ಸದ್ದು ಮಾಡಿತು. ಆಮೇಲೆ ಬೀದಿಯುದ್ದಕ್ಕೂ, ಪ್ರತಿ ಮನೆಯಲ್ಲೂ, ಎರಡೆರಡು ಸಲ. ಕನಕಪ್ಪ ಕನ್ನಡಕ ಹಾಕಿಕೊಂಡು ಕೊನೆಗೆ ಬಂದದ್ದನ್ನು ಓದಿದ. "ನೀರು ಬಿಡುವುದು ಕಡಿಮೆಯಾಗಿದೆ. ಪಂಪು ಇಳಿಸಬಹುದು." ಅವನ ಮುಖ ಅರಳಿತು. "ನೋಡಬೇ, ನಿನ್ನ ಮಗಳ ಮಷೀನ! ಬನ್ನಿ ಮುಡದ ಕೂಡ್ಲೆ ಬಂಗಾರದಂಥಾ ಸುದ್ದಿ." ಬೀದಿಯಲ್ಲಿ ಯಾರೋ ಟ್ರ್ಯಾಕ್ಟರು ಚಾಲು ಮಾಡಿದರು. ಪಂಪಿನ ಕರೆಂಟು ಬರುವ ಹೊತ್ತು ಅದು. ಬೆಳೆ ಒಣಗುತ್ತಿತ್ತು, ಎಲ್ಲರಿಗೂ ಅವಸರ.

ಅನ್ನಪೂರ್ಣಾ ಫೋನು ಕಸಿದುಕೊಂಡು ಅದರ ಮೇಲಿನದನ್ನು ಓದಿದಳು. ಅದು ಕೆಂಪು. "ಅಣೆಕಟ್ಟಿನಿಂದ ಮತ್ತೆ ನೀರು, ಮೊದಲಿಗಿಂತ ಹೆಚ್ಚು. ಪಂಪು ಇಳಿಸಬೇಡಿ."

ಎರಡರಲ್ಲಿ ಯಾವುದು ಈಚಿನದು? ಫೋನಿನ ಪ್ರಕಾರ ಬಿಳಿ ಈಚಿನದು. ಆದರೆ ರೋಣದಲ್ಲಿ ಎರಡೂ ಕಾದು ಕೂತಿದ್ದವು. ಕಾದು ಕೂತಾಗ ಕೆಂಪು ಮುಂದೆ ಹೋಗಬೇಕು, ಬಿಳಿ ಹಿಂದೆ ಬರಬೇಕು. ಅದು ಅವಳೇ ಹಾಕಿದ ನಿಯಮ. ಹಾಗಿದ್ದರೆ ಬಿಳಿ ಹಳೆಯದೂ ಇರಬಹುದು. ಎಷ್ಟು ದಿನವಾದರೂ ಕಾಯಬೇಕು ಎಂದು ಅವಳು ಹೇಳಿದ್ದಳು, ಅದು ಕಾದಿತ್ತು. ನಿನ್ನೆ ನಿಜವಾಗಿದ್ದ ಮಾತನ್ನು ಇಂದು ತಂದು, ಕಳೆಯದೆ, ಪ್ರಾಮಾಣಿಕವಾಗಿ, ಎಲ್ಲರ ಕೈಗೆ ಕೊಟ್ಟಿತ್ತು.

"ಅಪ್ಪಾ, ಇದು ಹಳೇದು! ಯಾರನ್ನೂ ಹೊಳಿಗೆ ಬಿಡಬ್ಯಾಡ. ಗುಡಿ ಮೈಕ್ ಹಚ್ಚು!"

"ಕಡೀಕ ಬಂದದ್ದ ಖರೇ ಅಲ್ಲೇನು?"

"ಅಲ್ಲ. ನಾ ಹಂಗ ಮಾಡೀನಿ. ಓಡು!"

ಕನಕಪ್ಪ ಓಡಿದ. ಅವನು ಹಣಮಪ್ಪನ ಗುಡಿಯ ಮೈಕಿನಲ್ಲಿ ಭಜನೆ ಬಿಟ್ಟು ಬೇರೆ ಏನನ್ನೂ ಹೇಳಿದವನಲ್ಲ. ಆ ಸಂಜೆ ಅವನ ದನಿ ಹೊಳೆಯತನಕ ಕೇಳಿಸಿತು: "ಎರಡನೇ ಮೆಸೇಜ ಹಳೇದೈತಿ! ಯಾರೂ ಪಂಪ್ ಇಳಿಸಬ್ಯಾಡ್ರಿ! ನನ್ನ ಮಗಳ ಹೇಳ್ಯಾಳ!" ಮೆಣಸಗಿಗೆ ಮೈಕಿತ್ತು. ಉಳಿದ ಊರುಗಳಿಗೆ ಬಿಳಿಯೇ ಕೊನೆಯ ಸಂದೇಶವಾಗಿತ್ತು. ಅವಳು ಭೀಮೇಶನಿಗೆ ಫೋನು ಹಚ್ಚಿದಳು. ಶರತ್ತಿನ ನೆನಪು ಆಗಲೂ ಇತ್ತು, ಅದು ಸುಳ್ಳಲ್ಲ. ಆದರೂ ಹಚ್ಚಿದಳು.

"ಭೀಮೇಶ, ಬಿಳಿ ಹಿಂದ ಬಂದೈತಿ, ಕೆಂಪು ಮತ್ತೊಮ್ಮೆ ಹೋಗ್ಬೇಕು, ಕಾಕಾಗ ಹೇಳಿ..."

ಫೋನು ಸತ್ತಿತು. ನಿನ್ನೆಯಿಂದ ನೋಡಿ ನೋಡಿ ಅದರ ಬ್ಯಾಟರಿಯನ್ನು ಅವಳೇ ಖಾಲಿ ಮಾಡಿದ್ದಳು. ಅಪ್ಪನ ಫೋನಿನಲ್ಲಿ ಭೀಮೇಶನ ನಂಬರು ಇರಲಿಲ್ಲ, ಅವಳಿಗೆ ಬಾಯಿಪಾಠವೂ ಇರಲಿಲ್ಲ. ಎರಡು ಊರಿನ ಯಂತ್ರಗಳ ವಿಳಾಸವನ್ನು ಅಂಕಿ ಅಂಕಿಯಾಗಿ ಹೇಳಬಲ್ಲವಳು ಕಟ್ಟೆಯ ಮೇಲೆ ಅಪ್ಪನ ಫೋನು ಹಿಡಿದು ಕೂತಳು. ಅವಳು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಉಳಿದ ರೈತರ ಹಾಗೆ ಕಾಯಬೇಕು, ಅಷ್ಟೇ.

ಅಪ್ಪ ಗುಡಿಯಿಂದ ತಿರುಗಿ ಬರುವ ಮೊದಲೇ ಸಂದೇಶ ಬಂತು. ಕೆಂಪು. ಆದರೆ ಅವಳು ಮಾಡಿಟ್ಟ ಮಾದರಿಯಲ್ಲಿರಲಿಲ್ಲ. "ಇದು ದಶಮಿ ಸಂಜೆ, ಬನ್ನಿ ಮುಡಿದ ಮೇಲೆ ಬರೆದದ್ದು. ಇದಕ್ಕಿಂತ ಮೊದಲು ಬಂದದ್ದನ್ನೆಲ್ಲ ಮರೆಯಿರಿ. ಮತ್ತೆ ನೀರು ಬರುತ್ತಿದೆ. ಪಂಪು ಇಳಿಸಬೇಡಿ, ಇಳಿಸಿದ್ದರೆ ಬಿಟ್ಟು ಮೇಲೆ ಬನ್ನಿ."

ಅದನ್ನು ಬರೆಸಿದವನು ಭೀಮೇಶ. ಅವಳ ಅರ್ಧ ಮಾತಿನಿಂದ ಪೂರ್ತಿ ತಪ್ಪನ್ನು ಹಿಡಿದಿದ್ದ. ಬರೆದ ಹೊತ್ತು ಸಂದೇಶದೊಳಗೇ ಇರಬೇಕು ಎಂಬುದು ಇಷ್ಟು ವರ್ಷ ಅವಳಿಗೆ ಹೊಳೆದಿರಲಿಲ್ಲ.

ಮೈಕು ಕೇಳುವ ಮೊದಲೇ ಹೊಳೆಗೆ ಹೋಗಿದ್ದವನು ಯಮನೂರಪ್ಪ ಒಬ್ಬನೇ. ಎದೆಯವರೆಗೆ ಒದ್ದೆಯಾಗಿ ತಿರುಗಿ ಬಂದ. ಪಂಪು ಬರಲಿಲ್ಲ. ಅವನು ಅನ್ನಪೂರ್ಣಾಳನ್ನು ಬೈಯಲಿಲ್ಲ. ಅಂಗಳದ ಹೊರಗೆ ನಿಂತು ಹೇಳಿದ: "ತಂಗಿ, ಇನ್ನ ಮ್ಯಾಲ ನಿನ್ನ ಮೆಸೇಜ ಬಂದ್ರ ನಾ ಹೊಳಿ ನೋಡೇ ನಂಬತೀನಿ."

ನೀರು ಇಳಿದು ಬಸ್ಸು ಬಂದಾಗ ಶಾಲೆ ತೆರೆಯುವ ದಿನ ಹತ್ತಿರವಾಗಿತ್ತು. ಅವಳು ಬಾಡಿದ ಬನ್ನಿಯ ಎಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನರಗುಂದಕ್ಕೆ ಹೋದಳು. ಸರ್ವರಿನ ಮೇಲೆ ಕುಂಕುಮ ಇನ್ನೂ ಇತ್ತು, ಗಾಳಿ ಬರುವ ಕಿಂಡಿಗಳಲ್ಲಿ ಚೆಂಡು ಹೂವಿನ ಎಸಳು ಸಿಕ್ಕಿಕೊಂಡಿದ್ದವು. ಪ್ರಭುಲಿಂಗಪ್ಪನವರು ಬಂಗಾರ ಇಸಿದುಕೊಂಡು ತಲೆ ಮುಟ್ಟಿ ಹರಸಿದರು. ಚಹಾ ಬಂತು.

"ಇಡೀ ಹೊಳಿಸಾಲಿಗೆ ಒಂದ ಪಂಪ್ ಹೋತು. ಒಂದ! ಮೆಸೇಜ ಒಂದೂ ಕಳೀಲಿಲ್ಲ. ಯಾರ ಪುಣ್ಯಾ ಇದು? ನಿಂದು. ಈಗ ನೀನ ಹೇಳು, ನೀ ಇರಲಿಲ್ಲಂದ್ರ ಬಿಳಿ ಹಿಂದ ಬಂದದ್ದು ಯಾರಿಗೆ ತಿಳೀತಿತ್ತು? ಮತ್ತ ಫೋನೂ ಹಚ್ಚಿದಿ. ಹಿಂಗಾರಿ ಒಂದು ಮುಗೀಲಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಶರತ್ತು ಮುರಿದಿತ್ತು. ಹೊಳೆಗೆ ಹೋದ ಪಂಪು ಅವಳ ನಿಯಮದಿಂದಲೇ ಹೋಗಿತ್ತು. ಉಳಿದು ಅದನ್ನು ಸರಿಪಡಿಸುವುದೇ ನ್ಯಾಯವೆಂದು ಅವಳಿಗೂ ಅನಿಸಿತು. ಹಾಗನಿಸುವುದರಿಂದಲೇ ಇಷ್ಟು ವರ್ಷ ಉಳಿದಿದ್ದಳು. ಲೋಟ ಕೆಳಗಿಟ್ಟಳು.

"ಸಾಹುಕಾರ್ರ, ಬನ್ನಿ ಮುಡದ ಮ್ಯಾಲ ಮಷೀನಿಗೆ ಮೊದಲ ಕೈ ಯಾರು ಹಚ್ಚಿದ್ರು?"

ಪ್ರಭುಲಿಂಗಪ್ಪನವರು ತಲೆಯೆತ್ತಿದರು.

"ನಿಮ್ಮ ಮಾತಿನ ಮ್ಯಾಲ, ದೇವಿ ನೆನಸಿ ಹಚ್ಚ್ಯಾನ. ನಿಮ್ಮ ಅಂಗಡ್ಯಾಗ ತಕ್ಕಡಿಗೆ ಒಂದ್ ನಡೆ, ಸರ್ವರಿಗೆ ಒಂದ್ ನಡೆ ಐತೇನ್ರಿ?"

ಬಾಗಿಲ ಬಳಿ ಭೀಮೇಶ ನಿಂತಿದ್ದ. ಕೆಳಗೆ ಮಳಿಗೆಯಲ್ಲಿ ಗೊಬ್ಬರದ ಚೀಲ ಇಳಿಸುವ ಸದ್ದು ಬರುತ್ತಿತ್ತು. ಅಧ್ಯಕ್ಷರು ಭೀಮೇಶನನ್ನು ನೋಡಿದರು, ತಿಜೋರಿಯ ಮೇಲಿನ ವಿಭೂತಿಯ ಪಟ್ಟೆಯನ್ನು ನೋಡಿದರು. ಆಮೇಲೆ ಸೊಂಟದಿಂದ ಕೀಲಿಗೊಂಚಲು ಬಿಚ್ಚಿದರು. ಅಂಕಪಟ್ಟಿಗಳಿಗೆ ಕರ್ಪೂರದ ವಾಸನೆ ಹತ್ತಿತ್ತು. ಒಂದನ್ನೂ ಇಲಿ ಮುಟ್ಟಿರಲಿಲ್ಲ.

ಉಳಿದ ದಿನಗಳನ್ನು ಅವಳು ಭೀಮೇಶನ ಪಕ್ಕದಲ್ಲಿ ಕೂತು ಕಳೆದಳು. ಕೀಬೋರ್ಡು ಅವನ ಮುಂದೆ, ಅವಳ ಕೈ ಅವಳ ಮಡಿಲಲ್ಲಿ. ಪಂಪು ಇಳಿಸಬಹುದು ಎನ್ನುವ ಸಂದೇಶಕ್ಕೆ ಆಯುಷ್ಯ ಹಾಕಿದರು. ಅದು ತೀರಿದರೆ ರೈತನಿಗೆ ಹೋಗದೆ ಬೇರೆ ಕಡೆ ಬೀಳಬೇಕು, ಬಿದ್ದದ್ದು ಉಸ್ಮಾನಸಾಬರಿಗೆ ತಿಳಿಯಬೇಕು. ಹೊಳೆಯ ನೀರಿನ ಮಾತುಗಳು, ಕೆಂಪಿರಲಿ ಬಿಳಿಯಿರಲಿ, ಬರೆದ ಅನುಕ್ರಮದಲ್ಲೇ ಹೋಗಬೇಕು. ಪ್ರತಿಯೊಂದರಲ್ಲೂ ಬರೆದ ಹೊತ್ತು ಇರಬೇಕು. ಖಂಡೇ ಪೂಜೆಗೆ ಭೀಮೇಶ ತಾನೇ ಒಂದು ದಾರಿ ಕಂಡುಕೊಂಡ: ಗಜೇಂದ್ರಗಡದ್ದಕ್ಕೆ ಅಷ್ಟಮಿಗೆ ಆರತಿ ಮಾಡಿ ಅಂದೇ ಎಬ್ಬಿಸುವುದು, ನರಗುಂದದ್ದಕ್ಕೆ ನವಮಿಗೆ. "ದೇವಿ ಎರಡೂ ದಿನ ಇರ್ತಾಳಲ್ರಿ" ಎಂದ. ಆ ವಾರ ಅವನು ಹಗಲೆಲ್ಲ ನರಗುಂದದಲ್ಲಿ, ಮುಸ್ಸಂಜೆಗೆ ಬೈಕು ಹತ್ತಿ ಊರಿಗೆ, ಹಾಲು ಹಿಂಡಿ ಮತ್ತೆ ನರಗುಂದಕ್ಕೆ. ಫೋನು ಬಂದರೆ ಉಸ್ಮಾನಸಾಬರು ಈಗ ಅವನನ್ನೇ ಕೇಳುತ್ತಿದ್ದರು.

ಹೊರಡುವ ದಿನ ಅವನೇ ಬಸ್ ನಿಲ್ದಾಣಕ್ಕೆ ಅವಳ ಪೆಟ್ಟಿಗೆ ಹೊತ್ತು ತಂದ. ರೋಣದ ಮೇಲಿಂದ ಹೋಗುವ ಬಸ್ಸು. ಅಂಕಪಟ್ಟಿಗಳನ್ನು ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವನು ಕಿಟಕಿಯ ಹೊರಗೆ ನಿಂತ. ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿಯತೊಡಗಿತು. ಅವಳ ಕೈ ತಾನಾಗಿ ತನ್ನ ಫೋನಿನ ಕಡೆ ಹೋಯಿತು.

"ನಂದ್ರಿ" ಎಂದ ಭೀಮೇಶ.

ಫೋನು ಎತ್ತುವ ಮೊದಲು ಕಿಟಕಿಯ ಸರಳು ಹಿಡಿದು ಕೇಳಿದ: "ಅಕ್ಕಾರ, ಮುಂದಿನ ಬನ್ನಿಗೆ ಯಾರರ ಬಂದು ಮೊದಲ ಕೈ ಹಚ್ಚತಾರೇನ್ರಿ?"

ಬಸ್ಸು ಹೊರಟಿತು. ಅವಳು ತಲೆ ಹೊರಗೆ ಹಾಕಿ ಏನೋ ಹೇಳಿದಳು. ಅವನು ಆಗಲೇ ಫೋನು ಕಿವಿಗೆ ಹಚ್ಚಿ, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿದ್ದ.